ಐದು ವರ್ಷದ ಮಗಳ ಬರ್ತ್‌ಡೇಗೆ 120 ಜನ ಕರೀಬೇಕಾ?

ಪ್ರಶ್ನೆ: ಮಗಳಿಗೆ ಬರೋ ನವೆಂಬರ್‌ಗೆ 5 ವರ್ಷ ತುಂಬುತ್ತೆ. ನಾವಿರೋದು ಬೆಂಗಳೂರಲ್ಲಿ, ಕನಕಪುರ ರೋಡ್ ಕಡೆ ಅಪಾರ್ಟ್‌ಮೆಂಟು. ಯಜಮಾನ್ರ ಕಡೆಯವರು ಹಾಸನದಿಂದ ಬರ್ತಾರೆ, ಆಫೀಸಿನವರು, ಅಪಾರ್ಟ್‌ಮೆಂಟಿನವರು, ಸ್ಕೂಲ್ ಮಕ್ಕಳು ಎಲ್ಲ ಸೇರಿ 120 ಜನ ಆಗ್ತಿದಾರೆ. ಇವೆಂಟ್‌ನವರು ಸಂಜೆ ಪಾರ್ಟಿಗೆ ಪ್ಯಾಕೇಜ್ ಕೊಟ್ಟಿದಾರೆ, ಸ್ಮೋಕ್ ಎಂಟ್ರಿ, ದೊಡ್ಡ ಕರಡಿ ವೇಷ, ಮ್ಯಾಜಿಕ್ ಶೋ, ಕಾಟನ್ ಕ್ಯಾಂಡಿ ಎಲ್ಲ ಇದೆ. ಹೋದ್ ವರ್ಷಾನೂ ಹೀಗೇ ಮಾಡಿದ್ವಿ, ಕೇಕ್ ಕಟ್ ಮಾಡೋ ಹೊತ್ತಿಗೆ ಮಗಳು ಜೋರಾಗಿ ಅತ್ತು ರೂಮಿಗೆ ಹೋಗ್ಬಿಟ್ಲು. ಅವಳು ಸ್ವಲ್ಪ ನಾಚಿಕೆ ಸ್ವಭಾವ. ಅತ್ತೆಯವರಿಗೆ ಕ್ಯಾಂಡಲ್ ಊದಿ ಆರಿಸೋದು ಬೇಡ ಅಂತಿದೆ. ಹೇಗೆ ಪ್ಲ್ಯಾನ್ ಮಾಡೋದು? ಗಿಫ್ಟ್ ಬೇಡ ಅಂತ ಇನ್ವಿಟೇಶನ್‌ನಲ್ಲಿ ಹಾಕಬಹುದಾ?

ಉತ್ತರ: ನಾನು ಬಹಳ ವರ್ಷ ಪ್ರೀ ಸ್ಕೂಲ್‌ನಲ್ಲಿ ಟೀಚರ್ ಆಗಿದ್ದೋಳು, ಈಗ ಮಕ್ಕಳ ಪಾರ್ಟಿಗಳನ್ನ ಪ್ಲ್ಯಾನ್ ಮಾಡಿಕೊಡ್ತೀನಿ, ಹಾಗಾಗಿ ನಿಮ್ಮ ಪತ್ರದಲ್ಲಿರೋ ಕಥೆ ನಂಗೆ ಚೆನ್ನಾಗಿ ಗೊತ್ತು. ಮೊದಲು ಒಂದು ಮಾತು, ನಿಮ್ಮ ಮಗಳು ಹೋದ್ ವರ್ಷ ಅತ್ತಿದ್ದಕ್ಕೂ ಅವಳ ನಾಚಿಕೆಗೂ ಅಷ್ಟೇನೂ ಸಂಬಂಧ ಇಲ್ಲ. ಮಧ್ಯಾಹ್ನ ನಿದ್ದೆ ಇಲ್ದೆ, ಚುಚ್ಚೋ ನೆಟ್ಟಿನ ಫ್ರಾಕ್ ಹಾಕ್ಕೊಂಡು, ಸಂಜೆ ಆರೂವರೆಯಿಂದ ಗೊತ್ತಿಲ್ದಿರೋರು ಕೆನ್ನೆ ಹಿಂಡ್ತಾ ಇದ್ರೆ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಂಡಿರೋ ಯಾರೋ ದೊಡ್ಡೋರು ಬರ್ಲಿ ಅಂತ ಕೇಕನ್ನ ಎಂಟೂವರೆ ತನಕ ತಡೆದು ಇಟ್ರೆ, ಆಮೇಲೆ ಲೈಟ್ ಆರಿಸಿ ನೂರು ಜನ ಒಟ್ಟಿಗೆ ಕೂಗಿದ್ರೆ ಎಷ್ಟೇ ಧೈರ್ಯದ ಮಗು ಆದ್ರೂ ಅಳುತ್ತೆ. ಆ ಹೊತ್ತಿಗೆ ದಿನಾ ಅದು ಮಲಗಿರುತ್ತೆ ಅಲ್ವಾ.

ನನ್ನ ಸಲಹೆ ಇಷ್ಟೇ, ಈ ಪಾರ್ಟೀನ ಎರಡು ಮಾಡಿ. ದೊಡ್ಡೋರ ಊಟ ಒಂದು ದಿನ, ಮಕ್ಕಳ ಪಾರ್ಟಿ ಇನ್ನೊಂದು ದಿನ. ಇದಕ್ಕೆ ನಮ್ಮಲ್ಲೇ ದಾರಿ ಇದೆ ನೋಡಿ, ನಮ್ಮ ಮನೆಗಳಲ್ಲಿ ಹೆಂಗೂ ಎರಡು ಹುಟ್ಟಿದಬ್ಬ ಇರುತ್ತೆ, ಮಾಸ ನಕ್ಷತ್ರ ನೋಡಿ ಪಂಚಾಂಗದ ಪ್ರಕಾರ ಬರೋದು ಒಂದು, ಕ್ಯಾಲೆಂಡರ್ ಡೇಟ್‌ಗೆ ಬರೋದು ಒಂದು, ಎರಡೂ ಒಂದೇ ದಿನ ಬೀಳೋದು ಅಪರೂಪ. ನಕ್ಷತ್ರದ ಹುಟ್ಟಿದಬ್ಬಾನ ಅತ್ತೆಯವರಿಗೆ ಬಿಟ್ಟುಕೊಡಿ. ಬೆಳಿಗ್ಗೆ ಎಣ್ಣೆ ಸ್ನಾನ, ದೇವಸ್ಥಾನದಲ್ಲಿ ಅರ್ಚನೆ, ಮನೆಗೆ ಬಂದು ಆರತಿ, ಮಧ್ಯಾಹ್ನ ಎಲೆ ಊಟ. ಕೋಸಂಬರಿ, ಪಲ್ಯ, ಚಿತ್ರಾನ್ನ, ಹೋಳಿಗೆ, ಹೆಸರುಬೇಳೆ ಪಾಯಸ. ಹಾಸನದಿಂದ ಬರೋರು ಬೆಳಿಗ್ಗೆ ಹೊರಟು ಊಟ ಮಾಡಿ, ಮಗೂನ ಎತ್ಕೊಂಡು ಮಾತಾಡಿಸಿ ಕತ್ತಲಾಗೋ ಮೊದಲು ವಾಪಸ್ ಹೋಗ್ಬೋದು. ಅವರಿಗೂ ಹೈ ವಾಲ್ಯೂಮ್ ಡಿಜೆ ಮುಂದೆ ಪ್ಲೇಟ್ ಹಿಡ್ಕೊಂಡು ಕ್ಯೂ ನಿಲ್ಲೋದಕ್ಕಿಂತ ಇದೇ ಇಷ್ಟ ಆಗುತ್ತೆ, ಕೇಳಿ ನೋಡಿ. ಅವತ್ತು ವಾರದ ಮಧ್ಯ ಬಂದ್ರೆ ಆರತಿ ಅವತ್ತೇ ಮಾಡಿ, ಊಟಾನ ಹತ್ತಿರದ ಭಾನುವಾರಕ್ಕೆ ಇಟ್ಕೊಳಿ, ಅದರಲ್ಲಿ ತಪ್ಪೇನಿಲ್ಲ. ಆಫೀಸಿನವರನ್ನ ಮಗುವಿನ ಬರ್ತ್‌ಡೇಗೆ ಕರೀಲೇಬೇಕು ಅಂತ ಏನಿಲ್ಲ, ಯಜಮಾನ್ರು ಆಫೀಸಿಗೆ ಒಂದು ದಿನ ಮೈಸೂರು ಪಾಕ್ ತಗೊಂಡು ಹೋಗ್ಲಿ ಸಾಕು.

ಕ್ಯಾಂಡಲ್ ವಿಷಯಾನೂ ಇದರಲ್ಲೇ ಅರ್ಧ ಬಗೆಹರಿಯುತ್ತೆ. ದೀಪ ಆರಿಸಬಾರದು ಅನ್ನೋದು ಅತ್ತೆಯವರ ಮನಸ್ಸಲ್ಲಿ ಆಳವಾಗಿರೋ ವಿಷಯ, ಅದನ್ನ ಹಳೇ ಕಾಲದ ಮಾತು ಅಂತ ತಳ್ಳಿಹಾಕ್ಬೇಡಿ. ಆರತಿ ದಿನ ಮಗಳ ಕೈಯಲ್ಲೇ ಐದು ದೀಪ ಹಚ್ಚಿಸಿ, ಅಜ್ಜಿ ಕೈ ಹಿಡ್ಕೊಂಡು ಹಚ್ಚಿಸ್ಲಿ, ಆ ಫೋಟೋ ನಿಮಗೆ ಯಾವ ಪ್ಯಾಕೇಜ್‌ನಲ್ಲೂ ಸಿಗಲ್ಲ. ಮಕ್ಕಳ ಪಾರ್ಟಿಲಿ ಕ್ಯಾಂಡಲ್ ಇಲ್ದೆ ಬರೀ ಕೇಕ್ ಕಟ್ ಮಾಡಿದ್ರೂ ಯಾವ ಮಗೂನೂ ಕೇಳಲ್ಲ. ಹತ್ತು ಮಕ್ಕಳಿರೋ ಕಡೆ ಒಂದೇ ಕೇಕಿನ ಮೇಲೆ ಬಾಯಿಂದ ಊದೋದು ಇಲ್ದಿದ್ರೆ ನಂಗೂ ಸಮಾಧಾನ, ಅದರಲ್ಲೂ ನವೆಂಬರ್ ಅಂದ್ರೆ ಎಲ್ಲ ಮಕ್ಕಳಿಗೂ ಶೀತ ಕೆಮ್ಮು ಇರೋ ಟೈಮು.

ಈಗ ಮಕ್ಕಳ ಪಾರ್ಟಿಗೆ ಬರೋಣ. ಎಷ್ಟು ಮಕ್ಕಳು ಅನ್ನೋದಕ್ಕೆ ಒಂದು ಹಳೇ ಲೆಕ್ಕ ಇದೆ, ಮಗುವಿನ ವಯಸ್ಸು ಎಷ್ಟೋ ಅದಕ್ಕೆ ಒಂದು ಸೇರಿಸಿ ಅಷ್ಟೇ ಮಕ್ಕಳನ್ನ ಕರೀಬೇಕು ಅಂತ. ಆ ಪ್ರಕಾರ ನಿಮಗೆ ಆರು. ನಮ್ಮ ಕಡೆ ಅಷ್ಟು ಕಮ್ಮಿ ಕಷ್ಟ, ಪಕ್ಕದ ಮನೆ ಮಗು, ಅದರ ತಮ್ಮ, ಕಸಿನ್‌ಗಳು ಬಂದೇ ಬರ್ತಾರೆ, ಆದ್ರೂ ಹತ್ತು ಹನ್ನೆರಡು ದಾಟೋಕೆ ಬಿಡ್ಬೇಡಿ. ಯಾರನ್ನ ಕರೀಬೇಕು ಅಂತ ಮಗಳನ್ನೇ ಕೇಳಿ. ಐದು ವರ್ಷದ ಮಕ್ಕಳಿಗೆ ಯಾರ ಜೊತೆ ಆಡೋಕೆ ಇಷ್ಟ ಅಂತ ಸ್ಪಷ್ಟವಾಗಿ ಗೊತ್ತಿರುತ್ತೆ, ನಾಲ್ಕೈದು ಹೆಸರು ಟಕ್ ಅಂತ ಹೇಳ್ತಾರೆ. ಸ್ಕೂಲಿಂದ ಅರ್ಧ ಕ್ಲಾಸ್ ಕರೆದು ಅರ್ಧ ಬಿಡೋದು ಬೇಡ, ಒಂದೋ ನಾಲ್ಕು ಜನ ಹತ್ತಿರದ ಫ್ರೆಂಡ್ಸ್, ಇಲ್ಲಾಂದ್ರೆ ಎಲ್ಲರೂ, ಯಾಕಂದ್ರೆ ಬಿಟ್ಟುಹೋದ ಮಕ್ಕಳಿಗೆ ಸೋಮವಾರ ಬೆಳಿಗ್ಗೆ ವಿಷಯ ಗೊತ್ತಾಗುತ್ತೆ, ಕ್ಲಾಸಲ್ಲಿ ಆ ಮುಖಗಳನ್ನ ನಾನು ನೋಡಿದೀನಿ. ಮತ್ತೆ ಈ ವಯಸ್ಸಲ್ಲಿ ಮಕ್ಕಳನ್ನ ಬಿಟ್ಟು ಹೋಗ್ಬೇಡಿ, ಒಬ್ರು ಜೊತೆಗಿರಿ ಅಂತ ಅಪ್ಪ ಅಮ್ಮಂದಿರಿಗೆ ಇನ್ವಿಟೇಶನ್‌ನಲ್ಲೇ ಹೇಳಿ.

ಟೈಮು ಎರಡು ಗಂಟೆ, ಅದಕ್ಕಿಂತ ಜಾಸ್ತಿ ಬೇಡವೇ ಬೇಡ. ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡೂವರೆ ನಂಗೆ ಎಲ್ಲಕ್ಕಿಂತ ಇಷ್ಟ, ಮಕ್ಕಳು ನಿದ್ದೆ ಮಾಡಿ ಎದ್ದು ಫ್ರೆಶ್ ಆಗಿರ್ತಾರೆ, ಮುಗಿಸಿ ಮನೆಗೆ ಹೋಗಿ ಮಲಗ್ತಾರೆ. ಬೆಳಿಗ್ಗೆ ಆಗಲ್ಲಾಂದ್ರೆ ನಾಲ್ಕರಿಂದ ಆರು. ಶುರು ಆಗೋ ಟೈಮ್ ಹಾಕಿದಂಗೆ ಮುಗಿಯೋ ಟೈಮೂ ಇನ್ವಿಟೇಶನ್‌ನಲ್ಲಿ ಹಾಕಿ, ನಮ್ಮೋರು ಅದೊಂದು ಹಾಕಲ್ಲ, ಅದಕ್ಕೇ ಏಳಕ್ಕೆ ಅಂದ್ರೆ ಎಂಟಕ್ಕೆ ಬರ್ತಾರೆ. ಇನ್ನೊಂದು, ಪಾರ್ಟಿಲಿ ಮಕ್ಕಳು ಕೈಗೆ ಸಿಗದಂಗೆ ಓಡಾಡಿದ್ರೆ ಸಕ್ಕರೆ ಜಾಸ್ತಿ ಆಯ್ತು ಅಂತಾರಲ್ಲ, ಅದನ್ನ ಸರಿಯಾಗಿ ಪರೀಕ್ಷೆ ಮಾಡಿ ನೋಡಿದಾರೆ, 1995ರಲ್ಲಿ ಆವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ್ಲೂ ಸಕ್ಕರೆಗೂ ಮಕ್ಕಳ ಹಾರಾಟಕ್ಕೂ ಸಂಬಂಧ ಕಾಣಲಿಲ್ಲ. ಹಲ್ಲಿಗೆ ಕೆಟ್ಟದ್ದು ಅನ್ನೋದು ಬೇರೆ ಮಾತು. ಗದ್ದಲ, ಜನ, ನಿದ್ದೆಗೆಟ್ಟಿದ್ದು, ಹೊಟ್ಟೆ ಹಸಿವು, ಪಾರ್ಟಿಲಿ ನಾನು ನೋಡೋ ಕಾರಣಗಳು ಇವೇ, ಇವನ್ನೆಲ್ಲ ಸರಿ ಮಾಡೋದು ನಮ್ಮ ಕೈಲೇ ಇದೆ.

ಆ ಎರಡು ಗಂಟೇಲಿ ಏನು ಮಾಡೋದು ಅನ್ನೋದೇ ನಿಜವಾದ ಪ್ಲ್ಯಾನಿಂಗು, ಜನ ಇದನ್ನ ಬಿಟ್ಟು ಬಲೂನ್ ಆರ್ಚ್ ಕಲರ್ ಆರ್ಸೋದ್ರಲ್ಲಿ ವಾರ ಕಳೀತಾರೆ. ಮೊದಲ ಇಪ್ಪತ್ತು ನಿಮಿಷ ಮಕ್ಕಳು ಒಬ್ಬೊಬ್ರೇ ಬರ್ತಿರ್ತಾರೆ, ಆಗ ಆಟ ಶುರು ಮಾಡೋಕಾಗಲ್ಲ, ಸುಮ್ನೆ ಬಿಟ್ರೆ ಓಡಾಡಿ ಬೀಳ್ತಾರೆ. ನೆಲದ ಮೇಲೆ ಒಂದು ದೊಡ್ಡ ಪೇಪರ್ ರೋಲ್ ಹಾಸಿ ಕ್ರೇಯಾನ್ಸ್ ಹಾಕಿಬಿಡಿ, ಇಲ್ಲಾ ಕ್ಲೇ ಕೊಡಿ. ಯಾರು ಯಾವಾಗ ಬಂದ್ರೂ ಕೂತ್ಕೋಬೋದು. ನಿಮ್ಮ ಮಗಳಂಥ ಮಗುವಿಗೆ ಇದು ಬಹಳ ಒಳ್ಳೇದು, ಬಾಗಿಲಲ್ಲಿ ನಿಂತು ಎಲ್ಲರಿಗೂ ಹಾಯ್ ಹೇಳು ಅನ್ನೋ ಒತ್ತಡ ಇರಲ್ಲ, ತನ್ನ ಪಾಡಿಗೆ ಬಣ್ಣ ಹಚ್ತಾ ಇರ್ತಾಳೆ, ಪಕ್ಕದಲ್ಲಿ ಒಬ್ಬೊಬ್ರಾಗಿ ಬಂದು ಸೇರ್ಕೋತಾರೆ.

ಆಮೇಲೆ ಅರ್ಧ ಗಂಟೆ ಆಟ. ನಂಗೆ ಈ ವಯಸ್ಸಿಗೆ ಕೆರೆ ದಡಕ್ಕಿಂತ ಒಳ್ಳೇ ಆಟ ಇನ್ನೂ ಸಿಕ್ಕಿಲ್ಲ. ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೀರಿ, ಈ ಕಡೆ ದಡ ಆ ಕಡೆ ಕೆರೆ, ನೀವು ಕೂಗಿದಂಗೆ ಹಾರ್ತಾರೆ, ಕೆರೆ ಕೆರೆ ದಡ ಅಂತ ಸ್ವಲ್ಪ ಗೊಂದಲ ಮಾಡಿದ್ರೆ ಬಿದ್ದು ಬಿದ್ದು ನಗ್ತಾರೆ. ಒಂದೇ ಕಂಡೀಷನ್ನು, ತಪ್ಪಿದವರನ್ನ ಔಟ್ ಮಾಡ್ಬೇಡಿ. ಐದು ವರ್ಷದ ಮಗೂನ ಆಟದಿಂದ ಹೊರಗೆ ಕೂರಿಸಿದ್ರೆ ಒಂದೋ ಅಳುತ್ತೆ ಇಲ್ಲಾ ಎಲ್ಲೋ ಹೊರಟುಹೋಗುತ್ತೆ. ಮ್ಯೂಸಿಕಲ್ ಚೇರ್ ಆಡಿಸ್ಲೇಬೇಕು ಅಂದ್ರೆ ಕುರ್ಚಿ ಮಾತ್ರ ತೆಗೀತಾ ಹೋಗಿ, ಮಕ್ಕಳನ್ನ ತೆಗೀಬೇಡಿ, ಕೊನೆಗೆ ಎಲ್ಲರೂ ಸೇರಿ ಉಳಿದಿರೋ ಮೂರು ಕುರ್ಚಿ ಮೇಲೆ ಒಬ್ರ ತೊಡೆ ಮೇಲೆ ಒಬ್ರು ಕೂರೋದೇ ಆಟ. ಒಂದು ಟ್ರೆಷರ್ ಹಂಟ್ ಇಟ್ಕೊಳಿ, ಓದೋಕೆ ಬರಲ್ಲ ಅಲ್ವಾ, ಅದಕ್ಕೆ ಚೀಟಿ ಬದಲು ಚಿತ್ರ ಬರೀರಿ, ಶೂ ರ‍್ಯಾಕಿನ ಚಿತ್ರ, ತುಳಸಿ ಕಟ್ಟೆ ಚಿತ್ರ. ಬಹುಮಾನ ಎಲ್ಲರಿಗೂ ಒಂದೇ ಇರ್ಲಿ.

ಕೇಕ್ ಪಾರ್ಟಿ ಶುರುವಾಗಿ ಸರಿಯಾಗಿ ಒಂದು ಗಂಟೆ ಆದ್ಮೇಲೆ, ಯಾರಿಗೂ ಕಾಯೋದು ಬೇಡ. ಲೈಟ್ ಆರಿಸ್ಬೇಡಿ, ಮಗಳು ನಿಮ್ಮ ಪಕ್ಕದಲ್ಲಿ ನಿಂತ್ಕೊಳ್ಳಲಿ, ಟೇಬಲ್ ಹಿಂದೆ ಒಬ್ಬಳೇ ಬೇಡ. ಏನಾಗುತ್ತೆ ಅಂತ ಹಿಂದಿನ ದಿನಾನೇ ಮನೇಲಿ ಬಾಳೆಹಣ್ಣು ಕಟ್ ಮಾಡಿ ಒಂದ್ಸಲ ಆಡಿ ತೋರಿಸಿ. ಎಲ್ಲರೂ ಹಾಡ್ತಾರೆ, ನೀನು ಕಟ್ ಮಾಡ್ತೀಯ, ಅಪ್ಪಂಗೆ ಒಂದು ಪೀಸ್ ತಿನ್ನಿಸ್ತೀಯ ಅಂತ. ಮುಂದೆ ಏನು ಬರುತ್ತೆ ಅಂತ ಗೊತ್ತಿದ್ರೆ ನಾಚಿಕೆ ಮಕ್ಕಳೂ ಆರಾಮಾಗಿ ಇರ್ತಾರೆ. ಅವಳು ಬೇಡ ಅಂದ್ರೆ ನೀವೇ ಕಟ್ ಮಾಡಿ, ಬಲವಂತ ಬೇಡ. ಮುಖಕ್ಕೆ ಕೇಕ್ ಮೆತ್ತೋದು ಕಾಲೇಜು ಹುಡುಗರಿಗೇ ಇರ್ಲಿ, ಮಗುವಿನ ಹತ್ರ ಯಾರೂ ಮಾಡ್ದಂಗೆ ಮೊದಲೇ ಹೇಳಿ ಇಡಿ.

ಇನ್ನು ಆ ಪ್ಯಾಕೇಜು. ನಂಗೆ ಸ್ವಲ್ಪ ಖಾರವಾಗೇ ಹೇಳ್ಬೇಕಿದೆ. ಕರಡಿ ವೇಷ ಬೇಡ, ಐದು ವರ್ಷದೊಳಗಿನ ಬಹಳಷ್ಟು ಮಕ್ಕಳು ಆಳೆತ್ತರದ ಮುಖವಾಡಕ್ಕೆ ಹೆದರ್ತಾರೆ, ಕಸಿನ್‌ಗಳಲ್ಲಿ ಇನ್ನೂ ಚಿಕ್ಕೋರು ಇರ್ತಾರಲ್ಲ, ಅವು ಇನ್ನೂ ಹೆದರ್ತವೆ. ಸ್ಮೋಕ್ ಎಂಟ್ರಿಗೆ ಕೆಲವರು ಡ್ರೈ ಐಸ್ ಇಡ್ತಾರೆ, ಅದು ಮೈನಸ್ 78 ಡಿಗ್ರಿ, ಮುಟ್ಟಿದ್ರೆ ಚರ್ಮ ಸುಡುತ್ತೆ, ಮುಚ್ಚಿದ ರೂಮಲ್ಲಿ ಅದರ ಕಾರ್ಬನ್ ಡೈ ಆಕ್ಸೈಡ್ ನೆಲದ ಹತ್ರಾನೇ ತುಂಬ್ಕೊಳುತ್ತೆ, ಮಕ್ಕಳ ಮೂಗು ಇರೋದೂ ಅದೇ ಎತ್ತರದಲ್ಲಿ. ಲಿಕ್ವಿಡ್ ನೈಟ್ರೋಜನ್ ಅನ್ನೋ ವಿಪರೀತ ತಣ್ಣಗಿನ ದ್ರವ ಹಾಕಿ ಕೊಡೋ, ಬಾಯಲ್ಲಿ ಹೊಗೆ ಬರೋ ಬಿಸ್ಕೆಟ್ ಸ್ಟಾಲ್ ಇಡ್ತೀವಿ ಅಂದ್ರೂ ಒಪ್ಕೋಬೇಡಿ, ದಾವಣಗೆರೆಲಿ ಒಂದು ಹುಡುಗ ಅದನ್ನ ತಿಂದು ಒದ್ದಾಡಿದ ವಿಡಿಯೋ 2024ರಲ್ಲಿ ನೀವೂ ನೋಡಿರ್ತೀರಿ, ಅದೇ ವರ್ಷ ನಮ್ಮ ರಾಜ್ಯದಲ್ಲಿ ಹೀಗೆ ತಿನ್ನೋ ಪದಾರ್ಥದ ಜೊತೆ ಲಿಕ್ವಿಡ್ ನೈಟ್ರೋಜನ್ ಕೊಡೋದನ್ನ ನಿಷೇಧ ಮಾಡಿದ್ರು. ಪಿಂಕ್ ಕಾಟನ್ ಕ್ಯಾಂಡಿ ಕಥೆನೂ ಅದೇ, 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ, ಕಾಟನ್ ಕ್ಯಾಂಡಿಗೆ ರೋಡಮಿನ್ ಬಿ ಬಣ್ಣ ಹಾಕೋದು ಬ್ಯಾನ್ ಆಯ್ತು, ಅದು ಬಟ್ಟೆಗೆ ಹಾಕೋ ಬಣ್ಣ. ಬೊಂಬಾಯಿ ಮಿಠಾಯಿ ಬೇಕೇ ಬೇಕು ಅಂದ್ರೆ ಬಣ್ಣ ಹಾಕದ ಬಿಳೀದು ಮಾಡಿಸಿ.

ಬಲೂನ್ ಬಗ್ಗೆ ಒಂದು ವಿಷಯ ದಯವಿಟ್ಟು ಗಮನ ಕೊಟ್ಟು ಓದಿ. ಮೇಲೆ ಹಾರೋ ಬಲೂನಿಗೆ ಹೀಲಿಯಂ ತುಂಬಿಸ್ಬೇಕು, ಅದು ದುಬಾರಿ, ಅದಕ್ಕೆ ಕೆಲವರು ಹೈಡ್ರೋಜನ್ ತುಂಬ್ತಾರೆ. ನೋಡೋಕೆ ಎರಡೂ ಒಂದೇ ಥರ, ಆದ್ರೆ ಹೈಡ್ರೋಜನ್ ಒಂದು ಕಿಡಿ ತಗುಲಿದ್ರೂ ಭಗ್ ಅಂತ ಹತ್ತಿಕೊಳ್ಳುತ್ತೆ, ಬಿಸಿ ಬಲ್ಬು, ಕ್ಯಾಂಡಲ್, ಕೇಕ್ ಮೇಲಿನ ಸುರ್ ಸುರ್ ಪಟಾಕಿ ಯಾವುದಾದ್ರೂ ಸಾಕು. ಹಾಗಾಗಿ ಹಾರೋ ಬಲೂನೇ ಬೇಡ ಅಂತೀನಿ ನಾನು, ಪಂಪಲ್ಲಿ ಗಾಳಿ ತುಂಬಿ ದಾರ ಕಟ್ಟಿ ನೇತು ಹಾಕಿ. ಕೇಕ್ ಕಟ್ ಮಾಡುವಾಗ ಸ್ನೋ ಸ್ಪ್ರೇ ಹೊಡೀತಾರಲ್ಲ, ಅದರ ಡಬ್ಬಿಲಿ ಬೆಂಕಿ ಹತ್ತೋ ಗ್ಯಾಸ್ ಇರುತ್ತೆ, ಉರಿಯೋ ಕ್ಯಾಂಡಲ್ ಪಕ್ಕದಲ್ಲಿ ಅದನ್ನ ಹೊಡೆದು ಮುಖ ಕೂದಲು ಸುಟ್ಕೊಂಡಿರೋರು ಇದಾರೆ, ಗೇಟ್ ಒಳಗೇ ಬಿಡ್ಬೇಡಿ. ಒಡೆದ ಬಲೂನ್ ಚೂರನ್ನ ಆವಾಗಾವಾಗ್ಲೇ ಆರಿಸೋಕೆ ಒಬ್ರಿಗೆ ಹೇಳಿ, ಆ ರಬ್ಬರ್ ಗಂಟಲಲ್ಲಿ ಅಂಟ್ಕೊಂಡ್ರೆ ತೆಗೆಯೋದು ಬಹಳ ಕಷ್ಟ, ಅಮೆರಿಕದಲ್ಲಿ ಎಂಟು ವರ್ಷದೊಳಗಿನ ಮಕ್ಕಳಿಗೆ ಅಪಾಯ ಅಂತ ಪ್ಯಾಕೆಟ್ ಮೇಲೇ ಪ್ರಿಂಟ್ ಮಾಡ್ಬೇಕು ಅಂತ ಕಾನೂನಿದೆ. ಪ್ಲಾಸ್ಟಿಕ್ ಕಡ್ಡಿಗೆ ಸಿಗಿಸಿದ ಬಲೂನು, ಥರ್ಮಾಕೋಲ್ ಡೆಕೋರೇಶನ್, ಪ್ಲಾಸ್ಟಿಕ್ ತಟ್ಟೆ ಲೋಟ ಸ್ಟ್ರಾ ಇವೆಲ್ಲ 2022ರ ಜುಲೈ 1ರಿಂದ ದೇಶದಲ್ಲೇ ಬ್ಯಾನ್, ಇವೆಂಟ್‌ನವರು ತಂದ್ರೆ ಬೇಡ ಅನ್ನಿ. ಅಡಿಕೆ ಹಾಳೆ ತಟ್ಟೆ ಇದೆಯಲ್ಲ, ಚೆನ್ನಾಗಿರುತ್ತೆ.

ಮ್ಯಾಜಿಕ್ ಶೋಗೆ ನನ್ನ ವಿರೋಧ ಇಲ್ಲ, ಆದ್ರೆ ಐದು ವರ್ಷದೋರಿಗೆ ಟ್ರಿಕ್ ಅರ್ಥ ಆಗೋದು ಕಮ್ಮಿ, ಇಪ್ಪತ್ತು ನಿಮಿಷ ದಾಟಿದ್ರೆ ಎದ್ದು ಹೋಗ್ತಾರೆ. ಆ ದುಡ್ಡಲ್ಲಿ ಗೊಂಬೆ ಹಿಡ್ಕೊಂಡು ಕಥೆ ಹೇಳೋರನ್ನ ಕರೆಸಿ, ಊಟ ಆದ್ಮೇಲೆ ಕೂರಿಸಿಕೊಂಡು ಹೇಳಿದ್ರೆ ಮಕ್ಕಳು ತಣ್ಣಗಾಗ್ತಾರೆ. ಮನೇಲಿ ಚೆನ್ನಾಗಿ ಕಥೆ ಹೇಳೋ ಅತ್ತೆನೋ ಚಿಕ್ಕಪ್ಪನೋ ಇದ್ರೆ ಅವರೇ ಸಾಕು.

ತಿಂಡಿ ಸಿಂಪಲ್ ಇರ್ಲಿ. ಪುಟ್ಟ ಪೂರಿ ಸಾಗು, ಬಟನ್ ಇಡ್ಲಿ, ಕಲ್ಲಂಗಡಿ ಅಥವಾ ಪಪ್ಪಾಯ ಹೋಳು, ಪಾನಕ ಇಲ್ಲಾ ಮಜ್ಜಿಗೆ. ಜಮಖಾನ ಹಾಸಿ ಸಾಲಾಗಿ ಕೂರಿಸಿ ಬಡಿಸಿ, ಬಫೆ ಅಂದ್ರೆ ಮಕ್ಕಳ ತಟ್ಟೆ ಎಲ್ಲ ನೆಲಕ್ಕೆ. ಚಿಕ್ಕ ಮಕ್ಕಳಿರೋ ಕಡೆ ಇಡಿ ದ್ರಾಕ್ಷಿ, ಇಡಿ ಕಡ್ಲೆಕಾಯಿ ಬೀಜ, ಪಾಪ್‌ಕಾರ್ನ್, ಪುಟ್ಟ ಕಪ್ಪಲ್ಲಿ ಬರೋ ಜೆಲ್ಲಿ ಇಡ್ಬೇಡಿ, ಉಸಿರುಕೊಳವೆಗೆ ಸಿಕ್ಕಾಕ್ಕೊಳ್ಳೋದು ಇವೇ. ದ್ರಾಕ್ಷಿ ಕೊಡೋದಾದ್ರೆ ಉದ್ದಕ್ಕೆ ಸೀಳಿ. ಅಲರ್ಜಿ ಏನಾದ್ರೂ ಇದ್ಯಾ, ಮೊಟ್ಟೆ ತಿಂತಾರಾ ಅಂತ ಮೊದಲೇ ಮೆಸೇಜ್ ಹಾಕಿ ಕೇಳಿ, ನೆನಪಿರ್ಲಿ ನಿಪ್ಪಟ್ಟಲ್ಲೂ ಚುರುಮುರಿಲೂ ಕಡ್ಲೆಕಾಯಿ ಇರುತ್ತೆ. ಕೇಕ್ ಆದಷ್ಟು ಬಣ್ಣ ಕಮ್ಮಿ ಇರೋದು ತಗೊಳಿ. 2024ರಲ್ಲಿ ನಮ್ಮ ರಾಜ್ಯದ ಆಹಾರ ಸುರಕ್ಷತೆಯವರು 235 ಕೇಕ್ ಸ್ಯಾಂಪಲ್ ಪರೀಕ್ಷೆ ಮಾಡಿದ್ದರಲ್ಲಿ 12 ಕೃತಕ ಬಣ್ಣದಿಂದ ಅಸುರಕ್ಷಿತ ಅಂತ ಬಂತು, ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್ ಥರದ ಗಾಢ ಬಣ್ಣದ ಕೇಕ್‌ಗಳ ಹೆಸರೇ ಮುಖ್ಯವಾಗಿ ಕೇಳಿಬಂತು. ಉಳಿದ 223 ಸರಿಯಾಗೇ ಇತ್ತು, ಹಾಗಾಗಿ ಗಾಬರಿ ಬೇಡ, ಮೂರಡಿ ನೀಲಿ ಕ್ರೀಮ್ ಕೋಟೆ ಬದಲು ವೆನಿಲ್ಲಾ ಕೇಕ್ ಮೇಲೆ ಹಣ್ಣು ಇಟ್ರೆ ಸಾಕು.

ಜಾಗ ಕ್ಲಬ್‌ಹೌಸೇ ಸಾಕು, ಅಸೋಸಿಯೇಷನ್ ಹತ್ರ ಈಗ್ಲೇ ಬುಕ್ ಮಾಡಿ. ಹೊರಗೆ ಲಾನ್ ಮೇಲೆ ಮಾಡೋ ಆಸೆ ಇದ್ರೂ ನವೆಂಬರ್‌ನಲ್ಲಿ ಹಿಂಗಾರು ಮಳೆ ಯಾವಾಗ ಬೇಕಾದ್ರೂ ಬರುತ್ತೆ, ಒಳಗೆ ಒಂದು ಜಾಗ ಕೈಲಿರ್ಲಿ. ಪಕ್ಕದಲ್ಲಿ ಸ್ವಿಮ್ಮಿಂಗ್ ಪೂಲ್ ಇದ್ರೆ ಅದರ ಗೇಟಿಗೆ ಬೀಗ ಬಿದ್ದಿದೆಯಾ ಅಂತ ನೀವೇ ಹೋಗಿ ನೋಡಿ, ಜೊತೆಗೆ ಒಬ್ರು ದೊಡ್ಡೋರಿಗೆ ಮಕ್ಕಳ ತಲೆ ಎಣಿಸೋದು ಬಿಟ್ರೆ ಬೇರೆ ಕೆಲಸ ಕೊಡ್ಬೇಡಿ. ಎಲ್ಲರೂ ನೋಡ್ಕೋತಾರೆ ಅಂತ ಬಿಟ್ರೆ ಯಾರೂ ನೋಡಿರಲ್ಲ, ಅದಕ್ಕೆ ಹೆಸರು ಹೇಳಿ ಒಬ್ರಿಗೇ ವಹಿಸಿ.

ರಿಟರ್ನ್ ಗಿಫ್ಟ್‌ಗೆ ಲೈಟ್ ಮಿಣುಕೋ ಸಣ್ಣ ಆಟಿಕೆ ತರ್ಬೇಡಿ, ಅದರಲ್ಲಿ ಬಟನ್ ಸೆಲ್ ಇರುತ್ತೆ, ಮಗು ನುಂಗಿದ್ರೆ ಎರಡೇ ಗಂಟೇಲಿ ಅನ್ನನಾಳ ಗಂಭೀರವಾಗಿ ಸುಟ್ಟುಹೋಗ್ಬೋದು. ನಿಮ್ಮ ಮನೆಯಿಂದ ಚನ್ನಪಟ್ಟಣ ಏನು ದೂರ, ಒಂದು ಶನಿವಾರ ಮಗಳನ್ನೂ ಕರ್ಕೊಂಡು ಹೋಗಿ ಬನ್ನಿ. ಆಲೆ ಮರ ಕಡೆದು ಅರಗಿನ ಬಣ್ಣ ಹಚ್ಚೋದನ್ನ ಅವಳು ಕಣ್ಣಾರೆ ನೋಡ್ಲಿ, ಫ್ರೆಂಡ್ಸ್‌ಗೆ ಯಾವ ಬಣ್ಣದ ಬುಗುರಿ ಅಂತ ಅವಳೇ ಆರಿಸ್ಲಿ. ಆ ಊರಿನದೇ ಅಂತ ಹೇಳೋ ಭೌಗೋಳಿಕ ಗುರುತು (ಜಿಐ ಟ್ಯಾಗ್) 2005ರಲ್ಲೇ ಸಿಕ್ಕಿರೋ ಗೊಂಬೆಗಳು ಅವು, ಮಾಡೋರ ಕೈಗೆ ನೇರ ದುಡ್ಡು ಹೋಗುತ್ತೆ. ಮೂರು ವರ್ಷದೊಳಗಿನ ಮಕ್ಕಳು ಬರ್ತಿದ್ರೆ ಅವಕ್ಕೆ ಬಾಯಿಗೆ ಹೋಗದಷ್ಟು ದೊಡ್ಡ ಗೊಂಬೆ ತಗೊಳಿ.

ಗಿಫ್ಟ್ ಬೇಡ ಅಂತ ಹಾಕ್ಬೋದಾ ಅಂತ ಕೇಳಿದ್ರಿ. ಧಾರಾಳವಾಗಿ ಹಾಕಿ, ಆದ್ರೂ ನಮ್ಮ ಜನ ಬರಿಗೈಲಿ ಬರೋಕೆ ಸಂಕೋಚ ಪಡ್ತಾರೆ, ಅದಕ್ಕೆ ಜೊತೆಗೊಂದು ದಾರಿ ಕೊಡಿ. ನಿಮ್ಮ ಮಗು ಓದಿ ಮುಗಿಸಿರೋ ಒಂದು ಕಥೆ ಪುಸ್ತಕ ತನ್ನಿ, ಎಲ್ಲ ಮಕ್ಕಳೂ ಅದಲು ಬದಲು ಮಾಡ್ಕೊಳ್ಳಲಿ ಅಂತ ಬರೀರಿ, ಯಾರಿಗೂ ಖರ್ಚಿಲ್ಲ, ಎಲ್ಲರ ಕೈಲೂ ಒಂದೊಂದು ಹೊಸ ಪುಸ್ತಕ. ಅಷ್ಟಾದ್ರೂ ನಾಲ್ಕೈದು ಪ್ಯಾಕೆಟ್ ಬಂದೇ ಬರುತ್ತೆ. ಅವನ್ನ ಪಾರ್ಟಿಲಿ ಎಲ್ಲರೆದುರು ಬಿಚ್ಚಿಸ್ಬೇಡಿ, ಯಾರದು ದೊಡ್ಡದು ಯಾರದು ಚಿಕ್ಕದು ಅಂತ ಮಕ್ಕಳು ಅಲ್ಲೇ ಹೋಲಿಕೆ ಶುರು ಮಾಡ್ತಾರೆ. ಎತ್ತಿಟ್ಟು ದಿನಕ್ಕೊಂದು ಬಿಚ್ಚಿ, ಕೊಟ್ಟವರಿಗೆ ಮಗಳ ಕೈಲೇ ಫೋನ್‌ನಲ್ಲಿ ಥ್ಯಾಂಕ್ಸ್ ಹೇಳಿಸಿ. ಮಾತಾಡೋಕೆ ನಾಚಿಕೆ ಪಟ್ರೆ ಒಂದು ಚಿತ್ರ ಬರೆಸಿ ಕಳ್ಸಿ.